ಬೀಗದ ಕೈ, ನಾಯಿಯ ಬೆಲ್ಟು: ಮಹಾನಗರದ ನೂತನ ಕಾಯಕ

ಬೆಂಗಳೂರಿನ ಗಗನಚುಂಬಿ ವಸತಿ ಸಮುಚ್ಚಯಗಳಲ್ಲಿ ಬೆಳಗಿನ ಆರು ಗಂಟೆಗೆ ದಿನವೂ ಒಂದು ಸೋಜಿಗ ನಡೆಯುತ್ತದೆ. ಹದಿನಾಲ್ಕನೆಯ ಮಹಡಿಯ ಮನೆಯೊಂದರ ಬಾಗಿಲನ್ನು ಆ ಮನೆಗೆ ಸೇರದ ಯುವಕನೊಬ್ಬ ತನ್ನದೇ ಜೇಬಿನಲ್ಲಿರುವ ಬೀಗದ ಕೈಯಿಂದ ತೆರೆಯುತ್ತಾನೆ. ಮನೆಯವರು ಇನ್ನೂ ಗಾಢನಿದ್ರೆಯಲ್ಲಿರುತ್ತಾರೆ, ಇಲ್ಲವೇ ಊರಿನಲ್ಲೇ ಇರುವುದಿಲ್ಲ. ಒಳಗಿರುವ ಮೂವತ್ತು ಕಿಲೋ ತೂಕದ ಲ್ಯಾಬ್ರಡಾರ್ ಬೊಗಳುವುದಿಲ್ಲ. ಮೈಯೆಲ್ಲ ಬಾಲವಾಗಿ ಓಡಿಬಂದು ಅವನ ಮುಂದೆ ಕೊರಳು ಚಾಚಿ ನಿಲ್ಲುತ್ತದೆ. ಐದು ನಿಮಿಷಗಳಲ್ಲಿ ಇಬ್ಬರೂ ಕೆಳಗಿನ ಬೀದಿಯಲ್ಲಿರುತ್ತಾರೆ. ಅರ್ಧ ಗಂಟೆಯ ನಂತರ ಮನೆಯೊಡತಿಯ ಮೊಬೈಲಿಗೆ ಒಂದು ಚಿತ್ರ, ನಡೆದ ದಾರಿಯ ನಕ್ಷೆ, ಮತ್ತು ‘ಎರಡೂ ಆಯಿತು ಮೇಡಂ’ ಎಂಬ ಸಂದೇಶ ತಲುಪುತ್ತದೆ. ಯಾವ ಎರಡು ಎಂಬುದನ್ನು ನಾಯಿ ಸಾಕಿದ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಅಪರಿಚಿತನೊಬ್ಬನಿಗೆ ಮನೆಯ ಬೀಗದ ಕೈಯನ್ನೂ ಮನೆಯ ಅತ್ಯಂತ ಮುದ್ದಿನ ಜೀವವನ್ನೂ ಏಕಕಾಲಕ್ಕೆ ಒಪ್ಪಿಸುವ ಇಂಥ ವೃತ್ತಿ ಬೇರೊಂದಿಲ್ಲ. ಹಾಲಿನವನು, ಪತ್ರಿಕೆಯವನು, ಕೊರಿಯರ್ ಹುಡುಗ ಎಲ್ಲರೂ ಹೊಸ್ತಿಲಲ್ಲೇ ನಿಲ್ಲುತ್ತಾರೆ. ನಾಯಿಯನ್ನು ವಾಕಿಂಗ್ ಕರೆದೊಯ್ಯುವ ವಾಕರ್ ಮತ್ತು ಮನೆಯವರ ಗೈರುಹಾಜರಿಯಲ್ಲಿ ಅದನ್ನು ನೋಡಿಕೊಳ್ಳುವ ಪೆಟ್ ಸಿಟರ್ ಮಾತ್ರ ಹೊಸ್ತಿಲು ದಾಟಿ ಒಳಗೆ ಬಂದಿದ್ದಾರೆ. ಹವ್ಯಾಸವೆಂದೂ ವಿದ್ಯಾರ್ಥಿಗಳ ಪಾಕೆಟ್ ಮನಿ ಎಂದೂ ಜನ ಹಗುರವಾಗಿ ಕಂಡ ಈ ಕೆಲಸ ಇಂದು ಅನೇಕ ಸಂಸಾರಗಳ ಪೂರ್ಣಾವಧಿ ಜೀವನೋಪಾಯವಾಗಿದೆ. ಇದರ ಹಿಂದಿರುವ ಕೌಶಲ, ಲೆಕ್ಕಾಚಾರ ಮತ್ತು ಶಿಸ್ತು ದೂರದಿಂದ ನೋಡುವವರ ಊಹೆಗೆ ನಿಲುಕುವಂಥದ್ದಲ್ಲ.

ನಾಯಿಯ ಹಗ್ಗ ಹಿಡಿದು ಹೊಟ್ಟೆ ಹೊರೆಯುವವರು ನಾಗರಿಕತೆಗೆ ಹೊಸಬರಲ್ಲ. ಕ್ರಿಸ್ತಪೂರ್ವ ಏಳನೆಯ ಶತಮಾನದ ಅಸ್ಸೀರಿಯಾದ ದೊರೆ ಅಶುರ್‌ಬಾನಿಪಾಲನ ನಿನೆವೆ ಅರಮನೆಯ ಉಬ್ಬುಶಿಲ್ಪಗಳಲ್ಲಿ, ದೈತ್ಯಾಕಾರದ ಬೇಟೆನಾಯಿಗಳನ್ನು ಬಿಗಿಹಿಡಿದು ನಡೆಯುತ್ತಿರುವ ಪರಿಚಾರಕರ ಸಾಲು ಇದೆ. ಆ ಶಿಲ್ಪಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಹಗ್ಗವನ್ನು ಬಿಗಿಹಿಡಿದು ನಾಯಿಯನ್ನು ತಡೆಯುವ ಆ ಭಂಗಿಯನ್ನು ಜಯನಗರದ ಯಾವ ಪಾರ್ಕಿನ ಬಳಿಯಾದರೂ ಇಂದು ಕಾಣಬಹುದು. ಕೌಟಿಲ್ಯನ ಅರ್ಥಶಾಸ್ತ್ರವು ನಾಯಿಗಳ ಗುಂಪಿನೊಡನೆ ಅರಣ್ಯ ಕಾಯುವ ಬೇಟೆಗಾರರನ್ನು ಹೆಸರಿಸುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ಕಾಲದ ಆಂಗ್ಲ ಮನೆವಾರ್ತೆಗಳಲ್ಲಿ ಅಡುಗೆಯವನು, ಕುದುರೆಯವನು, ಪಂಖಾ ಎಳೆಯುವವನ ಜೊತೆ ನಾಯಿ ನೋಡಿಕೊಳ್ಳಲೆಂದೇ ‘ಡೋರಿಯಾ’ ಎಂಬ ಸೇವಕನಿರುತ್ತಿದ್ದ.

ಕನ್ನಡ ನಾಡಿನ ಪರಂಪರೆಯಂತೂ ಇನ್ನೂ ಶ್ರೀಮಂತ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ವಿಶ್ವಕೋಶ ‘ಮಾನಸೋಲ್ಲಾಸ’ದಲ್ಲಿ ಸಾರಮೇಯ ವಿನೋದಕ್ಕೆಂದೇ ಪ್ರತ್ಯೇಕ ಪ್ರಕರಣವಿದೆ. ಗಜಶಾಸ್ತ್ರ, ಪಾಕಶಾಸ್ತ್ರ, ಸಂಗೀತಗಳ ಪಕ್ಕದಲ್ಲೇ ನಾಯಿಗೂ ಒಂದು ಪೀಠ ಹಾಕಿಕೊಟ್ಟ ಚಕ್ರವರ್ತಿ ಅವನು. ಧರ್ಮರಾಯನನ್ನು ಸ್ವರ್ಗದ ಬಾಗಿಲವರೆಗೆ ಹಿಂಬಾಲಿಸಿದ ನಾಯಿಯ ಕತೆ ಎಲ್ಲರಿಗೂ ಗೊತ್ತು. ಮದ್ದೂರು ತಾಲ್ಲೂಕಿನ ಆತಕೂರಿನ ನಾಯಿಯ ಕತೆ ಗೊತ್ತಿರುವವರು ಕಡಿಮೆ. ನನ್ನ ಮಟ್ಟಿಗೆ ಅದು ಇನ್ನೂ ಹೆಚ್ಚಿನದು, ಏಕೆಂದರೆ ಅದಕ್ಕೆ ಕಲ್ಲಿನ ಸಾಕ್ಷಿಯಿದೆ. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಚೋಳ ರಾಜಾದಿತ್ಯನನ್ನು ಕೊಂದವನು ಗಂಗ ದೊರೆ ಇಮ್ಮಡಿ ಬೂತುಗ. ಆ ಬೂತುಗನ ವೀರಭಟ ಮಣಲೇರನ ಶೌರ್ಯಕ್ಕೆ ಮೆಚ್ಚಿದ ಅರಸ ‘ಬೇಕಾದುದನ್ನು ಕೇಳು’ ಎಂದಾಗ ಅವನು ಬೇಡಿದ್ದು ಊರನ್ನಲ್ಲ, ಹೊನ್ನನ್ನಲ್ಲ. ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಕಾಳಿ ಹೆಬ್ಬಂದಿಯೊಂದರ ಮೇಲೆ ಬಿದ್ದು ಕಾದಾಡಿ, ಹಂದಿಯೂ ನಾಯಿಯೂ ಜೊತೆಯಲ್ಲೇ ಸತ್ತವು. ಕ್ರಿ.ಶ. 949-50ರ ಆ ಶಾಸನ ಕಾಳಿಯ ನೆನಪಿಗೆ ನೆಟ್ಟ ಕಲ್ಲು. ಅದರ ಮೇಲೆ ನಾಯಿ-ಹಂದಿಗಳ ಕಾದಾಟದ ಶಿಲ್ಪವಿದೆ, ಪೂಜೆಗೆ ಭೂಮಿ ಬಿಟ್ಟ ವಿವರವಿದೆ, ಕಲ್ಲನ್ನು ಪೂಜಿಸದೆ ಉಣ್ಣುವ ಅರ್ಚಕನಿಗೆ ಪಾಪ ತಗಲುವುದೆಂಬ ಎಚ್ಚರಿಕೆಯೂ ಇದೆ. ಸಾವಿರ ವರ್ಷ ದಾಟಿದ ಈ ಸ್ಮಾರಕ ಇಂದು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದ ಸ್ವತ್ತು. ಭಾನುವಾರದ ಬೆಳಿಗ್ಗೆ ನಗರದ ನಾಯಿಗಳೆಲ್ಲ ಸಮಾವೇಶಗೊಳ್ಳುವ ಕಬ್ಬನ್ ಪಾರ್ಕ್ ಅದರ ಬೆನ್ನಿಗೇ ಇದೆ. ಬೀಗಲ್‌ನ ಹಿಂದೆ ಓಡುವ ಯುವಕರು ಒಮ್ಮೆ ಈ ಕಾಳಿಯ ದರ್ಶನ ಮಾಡಿ ಬರುವುದು ಒಳ್ಳೆಯದು.

ಬಾಗಲಕೋಟೆಯ ಮುಧೋಳದ ವಿಚಾರವೂ ಇದೇ ಹೆಮ್ಮೆಗೆ ಸೇರಿದ್ದು. ಘೋರ್ಪಡೆ ಸಂಸ್ಥಾನಿಕರು ಪೋಷಿಸಿದ ಮುಧೋಳ ನಾಯಿಯ ಚಿತ್ರವಿರುವ ಅಂಚೆಚೀಟಿಯನ್ನು ಕೇಂದ್ರ ಸರ್ಕಾರ 2005ರಲ್ಲಿ ಹೊರತಂದಿತು. ತಳಿಯ ಸಂರಕ್ಷಣೆಗೆ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ. ಭಾರತೀಯ ಸೇನೆಯೂ ಈ ತಳಿಯನ್ನು ತನ್ನ ಪಡೆಗೆ ಸೇರಿಸಿಕೊಂಡಿದೆ. ಚನ್ನಪಟ್ಟಣದ ಬಳಿಯ ಅಗ್ರಹಾರ ವಳಗೆರೆಹಳ್ಳಿಯಲ್ಲಿ ನಾಯಿಗೆ ಗುಡಿಯನ್ನೇ ಕಟ್ಟಿದ್ದಾರೆ. ಇಷ್ಟೆಲ್ಲ ಗೌರವ ನಾಯಿಗೆ ಸಂದಿದೆ, ಅದರ ಹಗ್ಗ ಹಿಡಿದ ಸೇವಕನ ಹೆಸರು ಮಾತ್ರ ಮರೆಯಲ್ಲೇ ಉಳಿದಿದೆ.

ಆ ಅನಾಮಿಕ ಸೇವೆ ಆಧುನಿಕ ಅರ್ಥದ ಉದ್ಯೋಗವಾದದ್ದು 1960ರ ದಶಕದ ನ್ಯೂಯಾರ್ಕಿನಲ್ಲಿ. ಸಿರಿವಂತ ಮನೆತನದಲ್ಲಿ ಹುಟ್ಟಿ ಎಲೆಕ್ಟ್ರಾನಿಕ್ಸ್ ಮಾರಾಟಗಾರನಾಗಿದ್ದ ಜಿಮ್ ಬಕ್, ಆ ಕೆಲಸ ಬಿಟ್ಟು ಮ್ಯಾನ್‌ಹಟನ್ನಿನ ಶ್ರೀಮಂತ ಬಡಾವಣೆ ಅಪ್ಪರ್ ಈಸ್ಟ್ ಸೈಡಿನಲ್ಲಿ ನೆರೆಹೊರೆಯವರ ನಾಯಿಗಳನ್ನು ನಡೆದಾಡಿಸತೊಡಗಿದ. ಅಚ್ಚುಕಟ್ಟಾಗಿ ಸೂಟು ಧರಿಸಿ ಐದಾರು ನಾಯಿಗಳನ್ನು ಒಟ್ಟಿಗೆ ಹಿಡಿದು ಸಾಗುತ್ತಿದ್ದ ಅವನ ಮೆರವಣಿಗೆ ಆ ನಗರದ ಆಕರ್ಷಣೆಗಳಲ್ಲಿ ಒಂದಾಯಿತು. ‘ಜಿಮ್ ಬಕ್ಸ್ ಸ್ಕೂಲ್ ಫಾರ್ ಡಾಗ್ಸ್’ ಎಂಬ ಅವನ ಸಂಸ್ಥೆ ಉತ್ತುಂಗದಲ್ಲಿದ್ದಾಗ ಸುಮಾರು ಇಪ್ಪತ್ತನಾಲ್ಕು ಸಹಾಯಕರು ದಿನಕ್ಕೆ 150 ನಾಯಿಗಳನ್ನು ಸಂಭಾಳಿಸುತ್ತಿದ್ದರು. ಮಾರಾಟಗಾರನಾಗಿದ್ದಾಗಿನದಕ್ಕಿಂತ ಹೆಚ್ಚು ಹಣ ಅವನಿಗೆ ಈ ಬೀದಿ ಸಂಚಾರದಲ್ಲಿ ದೊರೆಯಿತು. 2013ರಲ್ಲಿ 81ನೆಯ ವಯಸ್ಸಿನಲ್ಲಿ ಅವನು ತೀರಿಕೊಂಡಾಗ, ನಾಯಿ ನಡೆಸುವುದನ್ನೇ ಉದ್ಯೋಗವಾಗಿಸಿದ ಪುರುಷನೆಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅವನ ನಿಧನವಾರ್ತೆ ಪ್ರಕಟಿಸಿತು.

ಮನೆಯವರ ಗೈರುಹಾಜರಿಯಲ್ಲಿ ಪ್ರಾಣಿಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ವ್ಯಾವಹಾರಿಕ ಶಿಸ್ತು ತಂದವಳು ಇನ್ನೊಬ್ಬ ಅಮೆರಿಕನ್, ಪ್ಯಾಟಿ ಮೋರಾನ್. ಪೆಟ್ ಸಿಟಿಂಗ್‌ನಿಂದ ಲಾಭ ಗಳಿಸುವ ಬಗೆಯನ್ನು ಕುರಿತು 1987ರಲ್ಲಿ ಆಕೆ ಪುಸ್ತಕ ಬರೆದಳು. 1994ರಲ್ಲಿ ‘ಪೆಟ್ ಸಿಟರ್ಸ್ ಇಂಟರ್‌ನ್ಯಾಷನಲ್’ ಸಂಘಟನೆಯನ್ನು ಕಟ್ಟಿದಳು. ಲಿಖಿತ ಒಪ್ಪಂದ, ವಿಮೆ, ಬೀಗದ ಕೈ ಜೋಪಾನ ಮಾಡುವ ನಿಯಮ ಮುಂತಾದವು ಈ ವೃತ್ತಿಗೆ ಅಂಟಿಕೊಂಡದ್ದು ಇಂಥ ಸಂಘಟನೆಗಳಿಂದ. 2011ರಲ್ಲಿ ಸಿಯಾಟಲ್ ನಗರದಲ್ಲಿ ಹುಟ್ಟಿದ ‘ರೋವರ್’ ಎಂಬ ಆನ್‌ಲೈನ್ ವೇದಿಕೆ ನಾಯಿ ನೋಡಿಕೊಳ್ಳುವವರನ್ನೂ ನಾಯಿಯ ಮನೆಯವರನ್ನೂ ಒಂದೆಡೆ ಸೇರಿಸಿತು. ಅದನ್ನು ಬ್ಲ್ಯಾಕ್‌ಸ್ಟೋನ್ ಹೂಡಿಕೆ ಸಂಸ್ಥೆ ಸುಮಾರು 230 ಕೋಟಿ ಡಾಲರುಗಳಿಗೆ ಖರೀದಿಸುವುದಾಗಿ 2023ರಲ್ಲಿ ಘೋಷಿಸಿದಾಗ, ನಾಯಿಯ ಹಗ್ಗದ ತುದಿಯಲ್ಲಿ ಎಷ್ಟು ದೊಡ್ಡ ಮಾರುಕಟ್ಟೆಯಿದೆ ಎಂಬುದು ಜಗತ್ತಿಗೆ ಮನವರಿಕೆಯಾಯಿತು.

ಸರ್ಕಾರಗಳೂ ಈ ಕಾಯಕವನ್ನು ಗಂಭೀರವಾಗಿ ಪರಿಗಣಿಸಿವೆ. ಹತ್ತಾರು ನಾಯಿಗಳನ್ನು ಒಬ್ಬನೇ ನಡೆಸುವ ದೃಶ್ಯಕ್ಕೆ ಪ್ರಸಿದ್ಧವಾದ ಅರ್ಜೆಂಟೀನಾದ ಬ್ಯೂನಸ್ ಐರಿಸ್ ನಗರ ಇವರ ನೋಂದಣಿಗೆ ವ್ಯವಸ್ಥೆ ಮಾಡಿ, ಒಮ್ಮೆಗೆ ಎಂಟು ನಾಯಿಗಳ ಮಿತಿ ಹಾಕಿದೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 2013ರಿಂದ ನಾಲ್ಕು ಅಥವಾ ಹೆಚ್ಚು ನಾಯಿಗಳನ್ನು ಹಣಕ್ಕಾಗಿ ನಡೆಸುವವರು ಪರವಾನಗಿ ಪಡೆಯಬೇಕು. ಲಂಡನ್ನಿನ ರಾಯಲ್ ಪಾರ್ಕ್‌ಗಳಲ್ಲಿ ಪರವಾನಗಿ ಇದ್ದರೂ ನಾಲ್ಕಕ್ಕಿಂತ ಹೆಚ್ಚು ನಾಯಿ ಕೂಡದು. ಇಟಲಿಯ ಟುರಿನ್ ನಗರವಂತೂ 2005ರಲ್ಲಿ ನಾಯಿಯನ್ನು ದಿನಕ್ಕೆ ಮೂರು ಬಾರಿ ಹೊರಗೆ ಕರೆದೊಯ್ಯದವರಿಗೆ ದಂಡ ವಿಧಿಸುವ ನಿಯಮ ತಂದಿತು.

ಇದನ್ನು ಪಾಶ್ಚಾತ್ಯರ ಅತಿರೇಕವೆಂದು ನಗುವವರು ನಮ್ಮ ಕಾನೂನನ್ನೇ ತೆರೆದು ನೋಡಬೇಕು. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ ಭಾರತದ 1960ರ ಕಾಯ್ದೆಯ 11ನೆಯ ಕಲಮು, ಸದಾ ಸರಪಳಿಯಲ್ಲಿ ಅಥವಾ ಇಕ್ಕಟ್ಟಿನಲ್ಲಿ ಇರಿಸಿದ ನಾಯಿಗೆ ತಕ್ಕಷ್ಟು ವ್ಯಾಯಾಮ ಕೊಡಿಸದಿರುವುದನ್ನೇ ಅಪರಾಧವೆಂದು ಸಾರುತ್ತದೆ. ಟುರಿನ್ ನಗರಕ್ಕಿಂತ 45 ವರ್ಷ ಮೊದಲೇ ನಮ್ಮ ಸಂಸತ್ತು ನಾಯಿಯ ವಾಕಿಂಗ್ ಹಕ್ಕನ್ನು ಎತ್ತಿಹಿಡಿದಿತ್ತು! ಮೊದಲ ಬಾರಿಯ ತಪ್ಪಿಗೆ ಆ ಕಾಯ್ದೆ ನಿಗದಿ ಮಾಡಿದ ದಂಡ ಹತ್ತರಿಂದ ಐವತ್ತು ರೂಪಾಯಿ ಎಂಬುದು ಬೇರೆ ಮಾತು. ಇಂದು ಆ ಹಣಕ್ಕೆ ನಾಯಿಯ ಒಂದು ಪೊಟ್ಟಣ ಬಿಸ್ಕತ್ತೂ ಬಾರದು.

ನಾಯಿಗೆ ನಡಿಗೆ ಏಕೆ ಇಷ್ಟು ಮುಖ್ಯ? ಕಾಲುಗಳಿಗಿಂತ ಹೆಚ್ಚಾಗಿ ಮೂಗಿಗಾಗಿ. ಮನುಷ್ಯನ ಮೂಗಿನಲ್ಲಿ ಐವತ್ತು-ಅರವತ್ತು ಲಕ್ಷ ಘ್ರಾಣ ಗ್ರಾಹಕಗಳಿದ್ದರೆ ನಾಯಿಯಲ್ಲಿ ಅವು ಮೂವತ್ತು ಕೋಟಿಯವರೆಗೆ ಇರಬಲ್ಲವು. ದೀಪದ ಕಂಬದ ಬುಡದಲ್ಲಿ ಅದು ಎರಡು ನಿಮಿಷ ಮೂಸುತ್ತ ನಿಂತರೆ ಆ ಬೀದಿಯಲ್ಲಿ ರಾತ್ರಿಯಿಡೀ ಯಾರು ಸುಳಿದರು, ಅವರ ಸ್ಥಿತಿಗತಿಯೇನು ಎಂಬುದೆಲ್ಲ ಅದಕ್ಕೆ ತಿಳಿಯುತ್ತದೆ. ಅನುಭವಿ ವಾಕರ್ ಆ ಎರಡು ನಿಮಿಷ ಹಗ್ಗ ಜಗ್ಗುವುದಿಲ್ಲ. ಒಂದು ಕಿಲೋಮೀಟರು ದರದರನೆ ಎಳೆದೊಯ್ದ ನಾಯಿಗಿಂತ, ಅರ್ಧ ಕಿಲೋಮೀಟರು ಮೂಸುತ್ತ ನಡೆದ ನಾಯಿ ಹೆಚ್ಚು ತೃಪ್ತಿಯಿಂದ ಮನೆಗೆ ಬಂದು ಮಲಗುತ್ತದೆ. ನಡಿಗೆಯಿಲ್ಲದ ನಾಯಿ ಸೋಫಾ ಕೀಳುತ್ತದೆ, ಚಪ್ಪಲಿ ಅಗಿಯುತ್ತದೆ, ದಿನವಿಡೀ ಬೊಗಳಿ ಪಕ್ಕದ ಮನೆಯವರಿಂದ ಅಸೋಸಿಯೇಷನ್ನಿಗೆ ದೂರು ತರಿಸುತ್ತದೆ.

ಬೆಂಗಳೂರಿನಲ್ಲಿ ಈ ವೃತ್ತಿ ಬೇರೂರಲು ಕಾರಣಗಳು ಹಲವು. ಅಂಗಳವಿದ್ದ ವಠಾರಗಳೂ ಒಂಟಿ ಮನೆಗಳೂ ಅಪಾರ್ಟ್‌ಮೆಂಟುಗಳಿಗೆ ದಾರಿ ಬಿಟ್ಟವು. ಅಜ್ಜ-ಅಜ್ಜಿ ಊರಲ್ಲೇ ಉಳಿದರು; ಗಂಡ-ಹೆಂಡತಿ ಇಬ್ಬರೂ ದುಡಿಯಲು ಹೊರಟರು. 2020-21ರ ಕೊರೋನಾ ಕಾಲದಲ್ಲಿ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಅನೇಕರು ನಾಯಿಮರಿ ತಂದರು. 2022ರ ಜೂನಿನಲ್ಲಿ ತೆರೆಕಂಡ ರಕ್ಷಿತ್ ಶೆಟ್ಟಿ ಅಭಿನಯದ, ಕಿರಣ್‌ರಾಜ್ ನಿರ್ದೇಶನದ ‘777 ಚಾರ್ಲಿ’ ಚಿತ್ರ ನಾಡಿನ ಮನೆಮನೆಯ ಕಣ್ಣು ಒದ್ದೆ ಮಾಡಿತು. ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ಅಷ್ಟರಲ್ಲಿ ಕಚೇರಿಗಳು ಮತ್ತೆ ಬಾಗಿಲು ತೆರೆದು ಎಲ್ಲರನ್ನೂ ವಾಪಸು ಕರೆದವು. ಬೆಳಿಗ್ಗೆ ಎಂಟಕ್ಕೆ ಹೊರಟು ರಾತ್ರಿ ಎಂಟಕ್ಕೆ ಬರುವ ಮನೆಯಲ್ಲಿ, ಎರಡು ವರ್ಷ ಒಂದು ಕ್ಷಣವೂ ಒಂಟಿಯಾಗಿರದೆ ಬೆಳೆದ ನಾಯಿಯ ಗತಿಯೇನು? ಆ ಪ್ರಶ್ನೆಗೆ ಉತ್ತರವಾಗಿ ಬಂದವರು ಸೆಕ್ಯುರಿಟಿ ಪಾಳಿ ಮುಗಿಸಿದ ಕಾವಲುಗಾರರು, ಹೌಸ್‌ಕೀಪಿಂಗ್ ಹುಡುಗರು, ಡೆಲಿವರಿ ಮಾಡಿ ದಣಿದವರು, ಕಾಲೇಜು ವಿದ್ಯಾರ್ಥಿಗಳು, ಮಕ್ಕಳು ದೊಡ್ಡವರಾದ ಮೇಲೆ ಮನೆ ಬಿಕೋ ಎನ್ನುತ್ತಿದ್ದ ಗೃಹಿಣಿಯರು, ನಿವೃತ್ತ ದಂಪತಿ.

ಗಳಿಕೆಯ ಲೆಕ್ಕವನ್ನು ಬಿಡಿಸಿ ನೋಡುವುದು ಉಚಿತ. ಈ ವೃತ್ತಿಯ ನಿಜವಾದ ಮಿತಿ ಗಿರಾಕಿಗಳ ಕೊರತೆಯಲ್ಲ, ಗಡಿಯಾರ. ಹೆಚ್ಚಿನ ಮನೆಗಳಿಗೆ ವಾಕರ್ ಬೇಕಾಗಿರುವುದು ಬೆಳಿಗ್ಗೆ ಆರರಿಂದ ಒಂಬತ್ತರೊಳಗೆ ಮತ್ತು ಸಂಜೆ ಐದರಿಂದ ಎಂಟರೊಳಗೆ. ಒಂದು ನಾಯಿಗೆ ಅರ್ಧ ಗಂಟೆ ನಡಿಗೆ; ಲಿಫ್ಟಿಗೆ ಕಾಯಲು, ಕಾಲು ಒರೆಸಲು, ನೀರಿಟ್ಟು ಬಾಗಿಲು ಹಾಕಿ ಮುಂದಿನ ಮನೆ ತಲುಪಲು ಇನ್ನೊಂದು ಹತ್ತು ನಿಮಿಷ. ಮೂರು ಗಂಟೆಯಲ್ಲಿ ನಾಲ್ಕು ನಾಯಿ, ಬಹಳ ಚುರುಕಾಗಿದ್ದರೆ ಐದು. ದಿನಕ್ಕೆ ಎರಡು ಹೊತ್ತಿನ ನಡಿಗೆಗೆ ತಿಂಗಳಿಗೆ ಐದು ಸಾವಿರ ರೂಪಾಯಿ ಎಂದಿಟ್ಟುಕೊಂಡರೆ ಕೈಗೆ ಬರುವುದು ಇಪ್ಪತ್ತರಿಂದ ಇಪ್ಪತ್ತೈದು ಸಾವಿರ. ಮನೆಗಳು ಒಂದಕ್ಕೊಂದು ದೂರವಿದ್ದರೆ ಅದರಲ್ಲಿ ಪೆಟ್ರೋಲಿನ ಪಾಲು ಕಳೆಯಬೇಕು, ಒಂದು ನಾಯಿಯೂ ಕಡಿಮೆಯಾಗುತ್ತದೆ. ಆದ್ದರಿಂದ ಚಾಣಾಕ್ಷ ವಾಕರ್ ನಗರದ ತುಂಬ ಗಿರಾಕಿಗಳನ್ನು ಹುಡುಕುತ್ತ ಹೋಗುವುದಿಲ್ಲ. ಹಾಲು ಹಾಕುವವನ ಲೈನಿನಂತೆ ಒಂದೇ ಸಮುಚ್ಚಯದೊಳಗೆ ತನ್ನ ಲೈನು ಕಟ್ಟಿಕೊಳ್ಳುತ್ತಾನೆ. ಒಂದು ಮನೆಯ ನಾಯಿ ಶಾಂತವಾಗಿ ನಡೆಯುವುದನ್ನು ನೋಡಿದ ಪಕ್ಕದ ಬ್ಲಾಕಿನವರು ತಾವಾಗಿಯೇ ನಂಬರು ಕೇಳುತ್ತಾರೆ. ಅವನಿಗೆ ಬೇರೆ ಜಾಹೀರಾತು ಬೇಡ.

ನಾಲ್ಕು ನಾಯಿಗಳನ್ನು ಒಟ್ಟಿಗೆ ನಡೆಸಿ ಆದಾಯ ನಾಲ್ಕು ಪಟ್ಟು ಮಾಡಿಕೊಳ್ಳಬಹುದಲ್ಲ, ಜಿಮ್ ಬಕ್ ಮಾಡಿದಂತೆ? ಬೆಂಗಳೂರಿನ ಬೀದಿಗಳಲ್ಲಿ ಅದು ಸಾಹಸವಲ್ಲ, ಹುಂಬತನ. ಇಲ್ಲಿ ಪ್ರತಿ ತಿರುವಿಗೂ ಬೀದಿನಾಯಿಗಳ ಒಂದೊಂದು ಸಂಸ್ಥಾನವಿದೆ. ಹೊಸ ನಾಯಿ ಗಡಿ ದಾಟಿದರೆ ಸಂಸ್ಥಾನವೆಲ್ಲ ಎದ್ದು ಬರುತ್ತದೆ. ಕಿತ್ತುಹೋದ ಫುಟ್‌ಪಾತು, ಎದುರಿನಿಂದ ನುಗ್ಗುವ ದ್ವಿಚಕ್ರ ವಾಹನ, ಕಸದ ರಾಶಿಯ ಕೋಳಿಮೂಳೆಗಳ ನಡುವೆ ಎರಡು ಕೈಗೆ ಒಂದೇ ನಾಯಿ ಸಾಕು. ಒಂದೇ ಮನೆಯ ಒಡನಾಡಿ ನಾಯಿಗಳು ಮಾತ್ರ ಇದಕ್ಕೆ ಅಪವಾದ.

ಸಂಪಾದನೆಯ ಹೆಚ್ಚಳವಿರುವುದು ನಡಿಗೆಯಲ್ಲಲ್ಲ, ಪೆಟ್ ಸಿಟಿಂಗ್ ಮತ್ತು ನಾಯಿಯನ್ನು ತಮ್ಮ ಮನೆಯಲ್ಲೇ ಇರಿಸಿಕೊಳ್ಳುವ ಬೋರ್ಡಿಂಗ್‌ನಲ್ಲಿ. ಭಾರತೀಯ ರೈಲಿನಲ್ಲಿ ನಾಯಿಯನ್ನು ಜೊತೆಗೆ ಕೂರಿಸಿಕೊಳ್ಳಬೇಕಾದರೆ ಹವಾನಿಯಂತ್ರಿತ ಮೊದಲ ದರ್ಜೆಯ ಕೂಪೆಯನ್ನು ಇಡಿಯಾಗಿ ಕಾದಿರಿಸಬೇಕು. ಇಲ್ಲವಾದರೆ ಗಾರ್ಡಿನ ಡಬ್ಬಿಯ ಪೆಟ್ಟಿಗೆಯೇ ಗತಿ. ಹೀಗಾಗಿ ದಸರಾ, ದೀಪಾವಳಿ, ಬೇಸಿಗೆ ರಜೆ ಬಂತೆಂದರೆ ಊರಿಗೆ ಹೊರಟ ಕುಟುಂಬಗಳ ಮುಂದೆ ನಾಯಿಯ ಪ್ರಶ್ನೆ ಧುತ್ತೆಂದು ನಿಲ್ಲುತ್ತದೆ. ಒಂದು ರಾತ್ರಿಗೆ ಎಂಟು ನೂರು ರೂಪಾಯಿಯಂತೆ ಮೂರು ನಾಯಿಗಳನ್ನು ಹತ್ತು ದಿನ ತಮ್ಮ ಮನೆಯಲ್ಲಿ ಇರಿಸಿಕೊಂಡವರಿಗೆ ಇಪ್ಪತ್ತನಾಲ್ಕು ಸಾವಿರ. ವಾಕರ್ ತಿಂಗಳಿಡೀ ಬೆವರು ಸುರಿಸಿ ಪಡೆದಷ್ಟೇ ಮೊತ್ತ. ಹಾಗೆಂದು ಇದು ಮಲಗಿದಲ್ಲಿಗೆ ಬರುವ ಹಣವಲ್ಲ. ಆ ಹತ್ತು ದಿನ ಸಿಟರ್ ಮದುವೆಗೆ ಹೋಗುವಂತಿಲ್ಲ, ಹಬ್ಬಕ್ಕೆ ತವರಿಗೆ ಹೋಗುವಂತಿಲ್ಲ. ಊರೆಲ್ಲ ಪಟಾಕಿ ಹೊಡೆಯುವ ರಾತ್ರಿ, ನಡುಗುತ್ತ ಮಂಚದಡಿ ಸೇರಿದ ನಾಯಿಯ ಪಕ್ಕ ಕಿಟಕಿ ಮುಚ್ಚಿ, ಟೀವಿ ಹಾಕಿ ನೆಲದ ಮೇಲೆ ಕೂರಬೇಕು.

ನುರಿತ ಸಿಟರ್‌ಗಳ ಕಾರ್ಯವಿಧಾನ ಗಮನಾರ್ಹವಾದುದು. ಬುಕಿಂಗ್ ಒಪ್ಪುವ ಮೊದಲು ಲಸಿಕೆಯ ಪುಸ್ತಕ ನೋಡುತ್ತಾರೆ. ಒಂದು ರಾತ್ರಿ ಪರೀಕ್ಷಾರ್ಥವಾಗಿ ಇರಿಸಿಕೊಳ್ಳುತ್ತಾರೆ. ಹೊಸ ನಾಯಿಯನ್ನು ತಮ್ಮ ಮನೆಯ ನಾಯಿಗೆ ಮೊದಲು ಭೇಟಿ ಮಾಡಿಸುವುದು ಇಬ್ಬರಿಗೂ ಸೇರದ ಬೀದಿಯಲ್ಲಿ. ಮನೆಯೊಳಗೇ ಮುಖಾಮುಖಿಯಾದರೆ ಜಗಳ ಖಚಿತ. ಬೆದೆಗೆ ಬಂದ ಹೆಣ್ಣುನಾಯಿಯನ್ನು ಇತರ ನಾಯಿಗಳೊಡನೆ ಇರಿಸಿಕೊಳ್ಳಲು ಒಪ್ಪುವುದಿಲ್ಲ. ಮನೆಯವರ ಬೆವರಿನ ವಾಸನೆಯಿರುವ ಒಗೆಯದ ಟಿ-ಶರ್ಟೊಂದನ್ನು ಕೇಳಿ ಪಡೆಯುತ್ತಾರೆ, ಮೊದಲ ರಾತ್ರಿಯ ಹಾಸಿಗೆಗೆ ಅದಕ್ಕಿಂತ ದೊಡ್ಡ ಸಾಂತ್ವನವಿಲ್ಲ. ಮನೆಯ ಮಕ್ಕಳ ಕೈಯಿಂದ ಚಾಕೊಲೇಟು, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ ನಾಯಿಯ ಬಾಯಿಗೆ ಬೀಳದಂತೆ ಕಾಯುತ್ತಾರೆ. ಇವೆಲ್ಲ ನಾಯಿಗೆ ವಿಷ. ಬೆಕ್ಕಿನ ವಿಚಾರವೇ ಬೇರೆ. ಅದಕ್ಕೆ ಮನುಷ್ಯರಿಗಿಂತ ಮನೆಯೇ ಮುಖ್ಯ, ಆದ್ದರಿಂದ ಸಿಟರ್ ದಿನಕ್ಕೆರಡು ಬಾರಿ ಅದರ ಮನೆಗೇ ಹೋಗಿ ಊಟವಿಟ್ಟು, ಮಲಮೂತ್ರದ ಮಣ್ಣಿನ ತಟ್ಟೆ ಶುಚಿಮಾಡಿ ಬರುತ್ತಾರೆ. ಮಧುಮೇಹವಿರುವ ಮುದಿ ನಾಯಿಗೆ ಹೊತ್ತು ತಪ್ಪದೆ ಇನ್ಸುಲಿನ್ ಚುಚ್ಚಬಲ್ಲವರಿಗೆ ಬೇಡಿಕೆಯೂ ಹೆಚ್ಚು, ದರವೂ ಹೆಚ್ಚು.

ವಾಕರ್‌ನ ಕೌಶಲ ಕಣ್ಣಿಗೆ ಬೀಳದಂಥದ್ದು. ಬೆಲ್ಟಿನೊಳಗೆ ಎರಡು ಬೆರಳು ಮಾತ್ರ ಹೋಗುವಷ್ಟು ಸಡಿಲವಿದೆಯೇ ಎಂದು ಪ್ರತಿಸಲ ನೋಡುತ್ತಾನೆ. ಸಡಿಲ ಹೆಚ್ಚಾದರೆ ಬೆದರಿದ ನಾಯಿ ತಲೆ ಹಿಂದಕ್ಕೆಳೆದು ಕಳಚಿಕೊಂಡು ರಸ್ತೆಗೆ ಓಡುತ್ತದೆ. ಎಲ್ಲಕ್ಕಿಂತ ಭಯಂಕರವಾದದ್ದು ಲಿಫ್ಟು. ನಾಯಿ ಒಳಗೆ, ಮನುಷ್ಯ ಹೊರಗೆ, ಹಗ್ಗ ಬಾಗಿಲ ನಡುವೆ ಸಿಕ್ಕಿ ಲಿಫ್ಟು ಚಲಿಸಿತೆಂದರೆ ಪ್ರಾಣವೇ ಹೋಗಬಹುದು. ಹಗ್ಗವನ್ನು ಗಿಡ್ಡವಾಗಿ ಹಿಡಿದು, ಬಾಗಿಲಿಗೆ ತಾನು ಅಡ್ಡ ನಿಂತು, ನಾಯಿಯ ಪೂರ್ತಿ ದೇಹ ಒಳಗೆ ಬಂದ ಮೇಲಷ್ಟೇ ಗುಂಡಿ ಒತ್ತುವ ಎಚ್ಚರ ಅವನಿಗೆ ಉಸಿರಾಟದಷ್ಟು ಸಹಜವಾಗಿರಬೇಕು. ಏಪ್ರಿಲ್ ತಿಂಗಳ ಸಂಜೆ ಐದಕ್ಕೆ ಡಾಂಬರಿನ ಮೇಲೆ ತನ್ನ ಅಂಗೈಯ ಹಿಂಬದಿ ಇಟ್ಟು ನೋಡುತ್ತಾನೆ. ಐದಾರು ಸೆಕೆಂಡು ತಡೆಯಲಾಗದಿದ್ದರೆ ನಾಯಿಯ ಪಾದಕ್ಕೂ ಅದು ಸಲ್ಲದು. ಮಳೆಗಾಲದಲ್ಲಿ ಬೆರಳ ಸಂದುಗಳನ್ನು ಒಣಗಿಸಿ, ಕಿವಿಯ ಹಿಂದೆ ಉಣ್ಣೆಗಳನ್ನು ಹುಡುಕುತ್ತಾನೆ. ಉಣ್ಣೆ ತರುವ ಜ್ವರಕ್ಕೆ ಬಲಿಯಾದ ನಾಯಿಗಳು ಒಂದೆರಡಲ್ಲ. ಮಲ ಸಡಿಲವಾಗಿದೆ, ಕುಂಟುತ್ತಿದೆ, ಇಂದು ನೀರು ಮುಟ್ಟಲಿಲ್ಲ ಎಂಬ ಮೊದಲ ಸೂಚನೆ ಬರುವುದು ಇವನಿಂದಲೇ. ಹಿಮಾಚ್ಛಾದಿತ ಸೈಬೀರಿಯಾಕ್ಕೆ ಸೇರಿದ ಹಸ್ಕಿಯನ್ನು ವೈಟ್‌ಫೀಲ್ಡಿನ ಎರಡು ಕೋಣೆಯ ಮನೆಯಲ್ಲಿ ಸಾಕುವವರ ವಿವೇಕದ ಬಗ್ಗೆ ಈ ಲೇಖಕನಿಗೆ ಗುಮಾನಿಯಿದೆ. ಆದರೆ ಆ ನಾಯಿಯ ಪಾಲಿಗೆ ದಿನದಲ್ಲಿ ಒಂದಾದರೂ ನೆಮ್ಮದಿಯ ಗಳಿಗೆಯಿದ್ದರೆ ಅದು ಬೆಳಗಿನ ಐದೂವರೆಗೆ ವಾಕರ್ ಬಂದಾಗ.

ಅಪಾರ್ಟ್‌ಮೆಂಟಿನ ರಾಜಕೀಯವನ್ನು ಅರಿಯದವನು ಇಲ್ಲಿ ಬಾಳಲಾರ. ನಾಯಿ ಕಂಡರಾಗದ ಹಿರಿಯರು, ಆಟದ ಅಂಗಳದಲ್ಲಿ ಹೆದರುವ ಮಕ್ಕಳು, ಸರ್ವಿಸ್ ಲಿಫ್ಟಿನಲ್ಲೇ ಹೋಗಬೇಕೆನ್ನುವ ಸಮಿತಿ, ಇವರೆಲ್ಲರ ಮಾತು ಮೊದಲು ಬೀಳುವುದು ವಾಕರ್ ಮೇಲೆ, ನಾಯಿಯ ಒಡೆಯನ ಮೇಲಲ್ಲ. ನಾಯಿ ಸಾಕುವುದನ್ನು ಯಾವ ಸಂಘವೂ ನಿಷೇಧಿಸುವಂತಿಲ್ಲ, ಲಿಫ್ಟು ಬಳಸಬೇಡಿ ಎನ್ನುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ನೀಡಿದೆ. 2022ರಲ್ಲಿ ಕಬ್ಬನ್ ಪಾರ್ಕಿಗೆ ಸಾಕುನಾಯಿಗಳ ಪ್ರವೇಶವನ್ನೇ ತಡೆಯುವ ಪ್ರಸ್ತಾಪ ತೋಟಗಾರಿಕೆ ಇಲಾಖೆಯಿಂದ ಬಂದಾಗ ನಾಯಿಪ್ರಿಯರು ಎದ್ದು ನಿಂತರು, ಅದು ಜಾರಿಯಾಗಲಿಲ್ಲ. ಆದರೂ ನಾಯಿಯ ಹೇಸಿಗೆಯನ್ನು ಬೀದಿಯಲ್ಲೇ ಬಿಟ್ಟುಹೋಗುವವರ ವಿರುದ್ಧದ ದೂರು ನ್ಯಾಯವಾದದ್ದೇ. ಚೀಲ ಹಿಡಿದು ಬಗ್ಗುವ ವಾಕರ್ ಈ ವಿಷಯದಲ್ಲಿ ಅನೇಕ ಒಡೆಯರಿಗಿಂತ ನಾಗರಿಕ.

ವಿದೇಶದಲ್ಲಿರುವ ಕನ್ನಡಿಗ ಮಕ್ಕಳ ಹೆತ್ತವರಿಗೆ ಇಲ್ಲೊಂದು ಎಚ್ಚರಿಕೆ ಅವಶ್ಯ. ಅಮೆರಿಕದಲ್ಲಿ ನಾಯಿ ನಡೆಸಿ ಖರ್ಚು ಸರಿದೂಗಿಸುವ ಆಸೆ ಅನೇಕ ವಿದ್ಯಾರ್ಥಿಗಳಿಗೆ ಸಹಜ. ಆದರೆ ಎಫ್-1 ವಿದ್ಯಾರ್ಥಿ ವೀಸಾದಲ್ಲಿರುವವರು ಅನುಮತಿಯಿಲ್ಲದೆ ಕ್ಯಾಂಪಸ್ಸಿನ ಹೊರಗೆ ಹಣಕ್ಕಾಗಿ ದುಡಿಯುವಂತಿಲ್ಲ; ಬ್ರಿಟನ್ನಿನ ವಿದ್ಯಾರ್ಥಿ ವೀಸಾ ಸ್ವಂತ ವ್ಯವಹಾರವನ್ನು ಒಪ್ಪುವುದಿಲ್ಲ. ನೆರೆಮನೆಯ ಮುದ್ದು ನಾಯಿಯ ನೆಪದಲ್ಲಿ ವೀಸಾ ಕಳೆದುಕೊಳ್ಳಬಾರದು.

ನಮ್ಮಲ್ಲಿನ ಈ ವೃತ್ತಿಯಲ್ಲಿ ಕೊರತೆಗಳೂ ಇವೆ. ವೇದಿಕೆಗಳ ಮೂಲಕ ದುಡಿಯುವ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕರ್ನಾಟಕ ಸರ್ಕಾರ 2025ರಲ್ಲಿ ಕಾಯ್ದೆ ತಂದದ್ದು ಸ್ತುತ್ಯರ್ಹ. ಆದರೆ ಮನೆಯವರೊಡನೆ ನೇರವಾಗಿ ಮಾತಾಡಿಕೊಂಡು ದುಡಿಯುವ ವಾಕರ್ ಅದರ ಆಚೆಗೆ ಉಳಿಯುತ್ತಾನೆ. ಮನೆಯವರು ಹತ್ತು ದಿನ ಊರಿಗೆ ಹೋದರೆ ಹತ್ತು ದಿನದ ಹಣ ಕಡಿತ. ಕಾಲು ಉಳುಕಿದರೆ ಆದಾಯ ಶೂನ್ಯ. ನಾಯಿ ಸತ್ತರೆ ದುಃಖದ ಜೊತೆಗೆ ಕೆಲಸವೂ ಹೋಗುತ್ತದೆ. 1958ರಿಂದ ಪಶುವೈದ್ಯರನ್ನು ರೂಪಿಸುತ್ತಿರುವ ಹೆಬ್ಬಾಳದ ಕಾಲೇಜಿನಂಥ ಸಂಸ್ಥೆಗಳು ಈ ದುಡಿಮೆಗಾರರಿಗಾಗಿ ಪ್ರಥಮ ಚಿಕಿತ್ಸೆಯನ್ನೂ ನಾಯಿಯ ವರ್ತನೆಯನ್ನೂ ಕನ್ನಡದಲ್ಲೇ ಕಲಿಸುವ ಕಿರು ಶಿಕ್ಷಣ ರೂಪಿಸಿದರೆ, ಅದು ವಾಕರ್‌ಗೂ ನಾಯಿಗೂ ಸಮಾಜಕ್ಕೂ ಏಕಕಾಲದ ಉಪಕಾರ.

ಈ ಕೆಲಸಕ್ಕೆ ಯಾರನ್ನಾದರೂ ನೇಮಿಸಿಕೊಳ್ಳುವ ಕುಟುಂಬಗಳು ಅಷ್ಟರವರೆಗೆ ಕಾಯಬೇಕಾಗಿಲ್ಲ. ವಾರಕ್ಕೊಂದು ಸಂಬಳಸಹಿತ ರಜೆ ಕೊಡಿ. ನೀವು ಪ್ರವಾಸ ಹೋದ ದಿನಗಳ ಹಣವನ್ನು ಹಿಡಿಯಬೇಡಿ. ನಾಯಿಗೆ ವರ್ಷ ವರ್ಷವೂ ರೇಬೀಸ್ ಲಸಿಕೆ ಹಾಕಿಸುವ ನೀವು ಅದರ ಹಗ್ಗ ಹಿಡಿಯುವವನಿಗೂ ಮುನ್ನೆಚ್ಚರಿಕೆಯ ಲಸಿಕೆ ಹಾಕಿಸಿ: ಮೊದಲ ದಿನ, ಏಳನೆಯ ದಿನ, ಮತ್ತೆ ಇಪ್ಪತ್ತೊಂದು ಅಥವಾ ಇಪ್ಪತ್ತೆಂಟನೆಯ ದಿನ, ಒಟ್ಟು ಮೂರು ಚುಚ್ಚುಮದ್ದು. ಅದರ ಖರ್ಚು ನಿಮ್ಮದಾಗಿರಲಿ.